ಮೂವತ್ತೊಂದನೇ ಕಲ್ಲಿನ ಸವೆತ

ಅಕ್ಟೋಬರ್ 3, 2017

ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಆದ್ದರಿಂದ ಈ ಪುಸ್ತಕಕ್ಕೆ ಬೀಗ ಬೇಡ, ಬಚ್ಚಿಡುವ ಜಾಗವೂ ಬೇಡ. ಟಿ.ವಿ.ಯ ಪಕ್ಕದಲ್ಲೇ ಬಿದ್ದಿರುತ್ತದೆ. ನನ್ನ ಗಂಡ ಆಶಿಕ್ ಹುಟ್ಟಿದ್ದು ಈ ಅರಬ್ ನಾಡಿನಲ್ಲೇ, ಇಲ್ಲೇ ಅಲ್ ಖೋಬರಿನಲ್ಲಿ, ಓದಿದ್ದು ಇಲ್ಲಿಯ ಇಂಡಿಯನ್ ಶಾಲೆಯಲ್ಲಿ. ಇಂಗ್ಲಿಷ್ ಬರುತ್ತದೆ, ಹಿಂದಿ ಬರುತ್ತದೆ, ಅರಬ್ಬಿ ಓದುತ್ತಾರೆ, ಬ್ಯಾರಿ ಮಾತಾಡುತ್ತಾರೆ. ಕನ್ನಡದ ಅಕ್ಷರ ಕಂಡರೆ ಜಿಲೇಬಿ ಎಂದು ನಗುತ್ತಾರೆ. ನಾನು ಉಪ್ಪಿನಂಗಡಿಯ ಕನ್ನಡ ಶಾಲೆಯಲ್ಲಿ ಕಲಿತವಳೆಂದು ಮದುವೆಯ ಮಾತುಕತೆಯಲ್ಲಿ ಇವರ ಉಮ್ಮ ಮೂಗು ಮುರಿದಿದ್ದರಂತೆ. ಈಗ ಅದೇ ನನಗೆ ಉಪಕಾರವಾಗಿದೆ.

ಇವತ್ತು ಇವರು ಪೆನ್‌ಡ್ರೈವಿನಲ್ಲಿ ಕಲ್ಲು ತಂದರು. ತಮಾಷೆಯಲ್ಲ, ನಲವತ್ಮೂರು ಕಲ್ಲು, ಮೂಳೆ, ಮಡಕೆಚೂರುಗಳ ಸ್ಕ್ಯಾನ್. ಐರ್ಲೆಂಡಿನ ಯಾವುದೋ ಗುಡ್ಡದ ಮೇಲೆ ಐದು ಸಾವಿರ ವರ್ಷದ ಹಿಂದೆ ಜನ ಸೇರಿ, ಮಣ್ಣಿನ ದೊಡ್ಡ ಬಳಸುಗೋಡೆ ಎಬ್ಬಿಸಿ, ಏನೋ ಪೂಜೆ ಪುನಸ್ಕಾರ ಮಾಡುತ್ತಿದ್ದರಂತೆ. ಅಲ್ಲಿ ಅಗೆದಾಗ ಸಿಕ್ಕಿದ್ದು ಇವು. ಆ ಊರಿನ ಹೆಸರಿನಲ್ಲಿ ಬರೆಯುವ ಅಕ್ಷರಕ್ಕೂ ಹೇಳುವ ಉಚ್ಚಾರಕ್ಕೂ ಸಂಬಂಧವೇ ಇಲ್ಲ, ಹಾಗಾಗಿ ನಾನು ಗುಡ್ಡ ಎಂದೇ ಬರೆಯುತ್ತೇನೆ.

ಇವರ ಕಂಪನಿ ದಮ್ಮಾಮಿನಲ್ಲಿದೆ. ಎಣ್ಣೆ ಕಂಪನಿಗಳ ಹಳೆಯ ಪಂಪು, ವಾಲ್ವುಗಳ ಸವೆದ ಭಾಗಗಳನ್ನು ಸ್ಕ್ಯಾನ್ ಮಾಡಿ, ಹೊಸದಿದ್ದಾಗ ಹೇಗಿದ್ದವೋ ಹಾಗೆ ಕಂಪ್ಯೂಟರಿನಲ್ಲಿ ಮಾಡಿಕೊಡುವುದು ಅವರ ಕಸುಬು. ಹಾಗಾದರೆ ಐರ್ಲೆಂಡಿನ ಕಲ್ಲು ಇಲ್ಲಿಗೆ ಬಂದದ್ದು ಹೇಗೆ? ಮಾಲೀಕರ ಮಗ ಡಬ್ಲಿನ್‌ನಲ್ಲಿ ಮೂರು ವರ್ಷ ಓದಿ ಬಂದಿದ್ದಾನೆ. ಅಲ್ಲಿಂದ ಒಂದು ಡಿಗ್ರಿ, ಒಂದು ಉಣ್ಣೆಯ ಟೋಪಿ, ಒಬ್ಬ ಪ್ರೊಫೆಸರರ ಪರಿಚಯ ತಂದಿದ್ದಾನೆ. ಇನ್ನು ಕಂಪನಿಯಲ್ಲಿ ಪಂಪು ಮಾತ್ರವಲ್ಲ, ಪರಂಪರೆಯೂ ಇರಬೇಕಂತೆ. ಅದಕ್ಕೊಂದು ವಿಭಾಗ, ಆ ವಿಭಾಗಕ್ಕೊಬ್ಬ ಮುಖ್ಯಸ್ಥ. ಆ ಕುರ್ಚಿಯ ಮೇಲೆ ಇವರ ಕಣ್ಣು.

ಕಷ್ಟದ ಕೆಲಸವೆಲ್ಲ ಎರಡು ವರ್ಷದಿಂದ ಮನೆಗೇ ಬರುತ್ತಿದೆ. ಅರವತ್ತು ಹುಡುಗರ ಮೆಕ್ಯಾನಿಕಲ್ ತರಗತಿಯಲ್ಲಿ ಇದ್ದ ಮೂವರು ಹುಡುಗಿಯರಲ್ಲಿ ನಾನೊಬ್ಬಳು, ಡಿಸೈನ್ ವಿಷಯದಲ್ಲಿ ಕಾಲೇಜಿಗೇ ಮೊದಲು. ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ಕೆಲಸ ಮಾಡಲು ಅನುಮತಿಯಿಲ್ಲ ಎಂದಿದೆ. ಆದ್ದರಿಂದ ನಾನು ಮಾಡುವುದಕ್ಕೆ ಕೆಲಸ ಎನ್ನುವುದಿಲ್ಲ, ಸಹಾಯ ಎನ್ನುತ್ತೇವೆ. ಫೈಲಿನ ಮೇಲೆ ಇವರ ಹೆಸರಿರುತ್ತದೆ. ಇರಲಿ, ಒಡೆದ ಕಲ್ಲಿನ ಮೇಲೆ ಹೆಸರು ಹಾಕಿಸಿಕೊಂಡು ನನಗೆ ಆಗಬೇಕಾದದ್ದೇನು.

ಅಕ್ಟೋಬರ್ 10

ಹನ್ನೆರಡು ಮುಗಿಸಿದೆ. ಪಂಪಿಗಿಂತ ಸಲೀಸು. ಒಂದು ಕಲ್ಲಿನ ಗದೆಯ ತಲೆ ಅರ್ಧ ಮುರಿದಿತ್ತು. ಉಳಿದ ಅರ್ಧವನ್ನೇ ಕನ್ನಡಿಯಂತೆ ತಿರುಗಿಸಿ ಜೋಡಿಸಿದೆ, ಪೂರ್ತಿಯಾಯಿತು. ಕಲ್ಲಿನ ಉಂಡೆಯೊಂದು ಸೊಟ್ಟಗಿತ್ತು, ದುಂಡಗೆ ಮಾಡಿದೆ. ಕುತ್ತಿಗೆಗೆ ಕಟ್ಟುವ ಕಲ್ಲಿನ ಪದಕಗಳ ತೂತುಗಳು ಒಂದೂ ನೆಟ್ಟಗಿರಲಿಲ್ಲ, ಒಂದು ಬದಿಗೆ ಎಳೆದು ಹಿಗ್ಗಿದ್ದವು. ಎಲ್ಲವನ್ನೂ ಸರಿ ಮಾಡಿದೆ. ಮೈಮೇಲಿನ ಗೀರುಗಳನ್ನು ಒರೆಸಿ ತೆಗೆದೆ. ಐದು ಸಾವಿರ ವರ್ಷ ಯಾರೂ ಮಾಡದ ರಿಪೇರಿಯನ್ನು ಒಂದು ವಾರದಲ್ಲಿ ಮಾಡಿದ್ದೇನೆ. ಇವರು ನೋಡಿ, ಶೋರೂಮಿನಿಂದ ತಂದ ಹಾಗೆ ಉಂಟು ಎಂದರು. ಕಳುಹಿಸಿಯೂ ಬಿಟ್ಟರು.

ಅಕ್ಟೋಬರ್ 17

ಐರ್ಲೆಂಡಿನಿಂದ ಉತ್ತರ ಬಂದಿದೆ. ಬರೆದವರು ಡಾ. ಮಾರೇಡ್, ಗುಡ್ಡದ ವಸ್ತುಗಳ ಮೇಲ್ವಿಚಾರಕಿ. ಆ ಹೆಂಗಸಿನ ಮರ್ಯಾದೆ ನೋಡಬೇಕು! ಮೊದಲ ಎರಡು ಪ್ಯಾರಾ ಹವಾಮಾನ, ಮೂರನೆಯದರಲ್ಲಿ ಮೆಚ್ಚುಗೆ, ನಾಲ್ಕನೆಯದರಲ್ಲಿ ಚೂರಿ. "ಮಾದರಿಗಳು ಬಹಳ ಸುಂದರವಾಗಿವೆ. ದುರದೃಷ್ಟಕ್ಕೆ, ಅವು ಇಷ್ಟು ಸುಂದರವಾಗಿರಬಾರದಿತ್ತು" ಎಂದು ಬರೆದಿದ್ದಾಳೆ. ನಾನು ಒರೆಸಿದ ಗೀರುಗಳು ಕಲ್ಲನ್ನು ಮಾಡಿದವರ ಕೈಯ ಗುರುತುಗಳಂತೆ. ನಾನು ದುಂಡಗೆ ಮಾಡಿದ ತೂತಿನ ಸವೆತ, ದಾರ ಯಾವ ಕಡೆ ಎಳೆಯುತ್ತಿತ್ತು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿಯಂತೆ. ಸವೆತವನ್ನು ತೆಗೆದರೆ ಆ ಮನುಷ್ಯರನ್ನೇ ತೆಗೆದ ಹಾಗೆ, ದಯವಿಟ್ಟು ಹನ್ನೆರಡನ್ನೂ ಮತ್ತೆ ಮಾಡಿ ಎಂದು ಕೇಳಿದ್ದಾಳೆ.

ಇವರು ಮೇಲ್ ತೋರಿಸಿ, ನಿನ್ನಿಂದ ಹೀಗಾಯಿತು ಎಂದರು. ಹೊಗಳಿಕೆ ಬಂದರೆ ಕಂಪನಿಯದ್ದು, ಬೈಗುಳ ಬಂದರೆ ಮನೆಯದ್ದು.

ಅಕ್ಟೋಬರ್ 18

ಸಿಟ್ಟು ಇಳಿದಿಲ್ಲ. ಸವೆದದ್ದನ್ನು ಹಾಗೇ ಕೊಡುವುದಾದರೆ ನಾವು ಯಾಕೆ ಬೇಕು? ಸಾರು ಸೀದುಹೋಯಿತು. ಬಡಿಸಿದೆ. ಇದು ಸೀದದ್ದಲ್ಲ, ಸವೆತ, ಹಾಗೇ ಉಳಿಸಿದ್ದೇನೆ ಎಂದೆ. ಇವರು ಉಪ್ಪಿನಕಾಯಿ ಹಾಕಿಸಿಕೊಂಡು ಉಂಡರು.

ಅಕ್ಟೋಬರ್ 26

ಹನ್ನೆರಡನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಮಾಡಿದೆ, ಮುಂದಿನವನ್ನೂ ಶುರು ಮಾಡಿದ್ದೇನೆ. ಒರೆಸುವುದಕ್ಕಿಂತ ಒರೆಸದೆ ಬಿಡುವುದು ಕಷ್ಟ. ಸ್ಕ್ಯಾನ್ ಯಂತ್ರ ತಾನಾಗಿ ಹುಟ್ಟಿಸಿದ ಗೀರು ಯಾವುದು, ಕಲ್ಲಿನದ್ದೇ ಗೀರು ಯಾವುದು ಎಂದು ಒಂದೊಂದನ್ನೂ ನೋಡಿ ಬೇರೆ ಮಾಡಬೇಕು. ಕಲ್ಲಿನ ಉಂಡೆ ಸೊಟ್ಟಗಿರುವುದು ಸುಮ್ಮನೆ ಅಲ್ಲ. ಒಂದು ಕಡೆ ಹೆಬ್ಬೆರಳಿಗೆ ಸರಿಯಾದ ತಗ್ಗಿದೆ. ಯಾರೋ ಅದನ್ನು ಕೈಯಲ್ಲಿ ಹಿಡಿದುಕೊಂಡು ಉಜ್ಜುತ್ತಾ ಕೂತಿದ್ದಾರೆ, ನಮ್ಮಲ್ಲಿ ಹಿರಿಯರು ತಸ್ಬೀಹ್ ಮಣಿಸರ ಹಿಡಿದು ಕೂರುವ ಹಾಗೆ. ಇಪ್ಪತ್ತೆರಡನೇ ಪದಕದಲ್ಲಿ ಎರಡು ತೂತು. ಮೊದಲನೆಯದು ಅಂಚು ಮುರಿದು ಹೋಗಿದೆ, ಎರಡನೆಯದನ್ನು ಎರಡೂ ಕಡೆಯಿಂದ ಕೊರೆದಿದ್ದಾರೆ, ನಡುವೆ ಕೂಡಲಿಲ್ಲ, ತಪ್ಪಿಹೋಗಿದೆ. ಇದು ಕೆತ್ತಿದವನ ಕೈಯಲ್ಲ. ಮನೆಯಲ್ಲೇ ಯಾರೋ ಮಾಡಿಕೊಂಡ ರಿಪೇರಿ. ಎಸೆಯಲು ಮನಸ್ಸಾಗಿರಲಿಕ್ಕಿಲ್ಲ.

ಮಧ್ಯಾಹ್ನ ಊಟ ಮಾಡಲು ಮರೆತೆ.

ನವೆಂಬರ್ 3

ಇವತ್ತು ಮ್ಯಾನೇಜರ್ ಝಕರಿಯಾರ ಮನೆಯಲ್ಲಿ ಶುಕ್ರವಾರದ ಊಟ. ಗಂಡಸರು ಎದುರಿನ ಕೋಣೆಯಲ್ಲಿ, ಹೆಂಗಸರು ಒಳಗೆ. ಮಾತೆಲ್ಲ ಕಾರಿನದ್ದೇ. ಬರುವ ವರ್ಷದಿಂದ ಹೆಂಗಸರೂ ಕಾರು ಬಿಡಬಹುದೆಂದು ಹೇಳಿದ್ದಾರಲ್ಲ, ಒಬ್ಬೊಬ್ಬರೂ ಬಣ್ಣ ಆರಿಸಿಕೊಂಡು ಕೂತಿದ್ದಾರೆ. ಬಿರಿಯಾನಿಗಿಂತ ಬಣ್ಣದ ಚರ್ಚೆಯೇ ಹೆಚ್ಚು ಹೊತ್ತು ನಡೆಯಿತು.

ಝಕರಿಯಾರ ಹೆಂಡತಿ ರುಕಯ್ಯಾತ್ತ ನನ್ನನ್ನು ಅಡುಗೆಮನೆಗೆ ಕರೆದರು. ಉಡುಪಿ ಕಡೆಯವರು, ಐವತ್ತರ ಹತ್ತಿರ. ಕಿಟಕಿಯ ಪರದೆ ಬಟ್ಟೆಯ ವಿಷಯ ಬಿಟ್ಟು ಬೇರೇನೂ ಮಾತಾಡದವರೆಂದು ನಾನು ತಿಳಿದಿದ್ದೆ. ಬಟ್ಟಲು ತೊಳೆಯುತ್ತಾ, ನಿನ್ನ ಕಲ್ಲು ಎಲ್ಲಿಗೆ ಬಂತು ಎಂದು ಕೇಳಿದರು. ಗುಟ್ಟು ಹೊರಬಿತ್ತೆಂದು ಹೆದರಿದೆ. ಅವರು ನಕ್ಕು, ಹನ್ನೊಂದು ವರ್ಷದಿಂದ ಕಂಪನಿಯ ಟೆಂಡರ್ ಕಾಗದವೆಲ್ಲ ತಾನೇ ಬರೆಯುವುದೆಂದರು. ಝಕರಿಯಾರಿಗೆ ಸಹಿ ಮಾಡಲು ಚೆನ್ನಾಗಿ ಬರುತ್ತದಂತೆ.

"ಹೆಸರು ಎಂತಕ್ಕೆ ಮಗಳೇ, ಮನೆ ನಡೀತದಲ್ಲ" ಎಂದರು.

ನಾನೂ ಹೌದೆಂದೆ. ಅವರು ಒಂದೇ ಬಟ್ಟಲನ್ನು ಮೂರು ಸಲ ತೊಳೆದರು.

ನವೆಂಬರ್ 8

ಮೂವತ್ತೊಂದನೇ ಕಲ್ಲು. ಇವತ್ತು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಹೆಬ್ಬೆರಳಿನಷ್ಟು ದೊಡ್ಡ ಪದಕ. ಒಂದು ಬದಿಯಲ್ಲಿ ಅಂಕುಡೊಂಕು ಗೆರೆಗಳ ಕೆತ್ತನೆ, ಇನ್ನೊಂದು ಬದಿ ಬೋಳು. ಡಾ. ಮಾರೇಡ್ ಕಳುಹಿಸಿದ ಪಟ್ಟಿಯಲ್ಲಿ, ಇದು ಸಮಾರಂಭಗಳಲ್ಲಿ ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ತೂಗುಬಿಟ್ಟ ಆಭರಣ ಎಂದಿದೆ. ಆದರೆ ಕೆತ್ತಿದ ಬದಿಯೇ ಹೆಚ್ಚು ಸವೆದಿದೆ. ಗೆರೆಗಳು ಅಳಿಸುವ ಹಂತಕ್ಕೆ ಬಂದಿವೆ. ಬೋಳು ಬದಿಯಲ್ಲಿ ಮಾತ್ರ ಕಲ್ಲನ್ನು ಉಜ್ಜಿದ ಮೂಲ ಗುರುತುಗಳು ಇನ್ನೂ ಇವೆ. ಬಟ್ಟೆಯ ಮೇಲೆ ತೂಗುಬಿಟ್ಟಿದ್ದರೆ ಬೆನ್ನು ಸವೆಯಬೇಕಿತ್ತು, ಮುಖ ಉಳಿಯಬೇಕಿತ್ತು. ಇಲ್ಲಿ ಎಲ್ಲ ಉಲ್ಟಾ. ಎರಡು ದಿನ ಸ್ಕ್ಯಾನಿನದ್ದೇ ದೋಷವೆಂದು ಸಾಫ್ಟ್‌ವೇರಿಗೆ ಬೈದೆ.

ಇವತ್ತು ಸಂಜೆ ಅಸರ್ ನಮಾಜಿನ ಹೊತ್ತಿಗೆ ಅಂಗಡಿಯಿಂದ ಬಂದು ಅಬಾಯ ತೆಗೆಯುವಾಗ ಸರ ಬಟ್ಟೆಗೆ ಸಿಕ್ಕಿತು. ಉಮ್ಮ ಕೊಟ್ಟ ಚಿನ್ನದ ಪದಕ, ಹದಿನಾರನೇ ವಯಸ್ಸಿನಿಂದಲೂ ಕುತ್ತಿಗೆಯಲ್ಲಿದೆ, ಯಾವಾಗಲೂ ಬಟ್ಟೆಯ ಒಳಗೆ. ಬಿಡಿಸಿ ನೋಡಿದೆ. ಮುಂಬದಿಯ ಹೂವು ಪೂರ್ತಿ ಹೋಗಿದೆ. ಹಿಂದೆ ಅಕ್ಕಸಾಲಿಗನ ಮುದ್ರೆ ಹೊಸದರಂತಿದೆ. ಬೆನ್ನಿಗೆ ಮೈ, ಮುಖಕ್ಕೆ ಬಟ್ಟೆ. ಹನ್ನೊಂದು ವರ್ಷ ಬಟ್ಟೆ ಉಜ್ಜಿ ಉಜ್ಜಿ ಹೂವನ್ನು ತಿಂದಿದೆ.

ನಿಂತಲ್ಲೇ ಕಂಪ್ಯೂಟರ್ ತೆರೆದು ಮತ್ತೆ ನೋಡಿದೆ. ಆ ಕಲ್ಲಿನ ಪದಕ ಹಾಕಿಕೊಂಡಿದ್ದಾಕೆ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಬಟ್ಟೆಯ ಒಳಗೆ ಹಾಕಿಕೊಂಡು, ಅಷ್ಟೆಲ್ಲ ಜನ ಸೇರಿದ ಗುಡ್ಡದ ಮೇಲೆ ಸುಮ್ಮನೆ ಓಡಾಡಿಕೊಂಡಿದ್ದಳು. ಗಂಡಸೂ ಆಗಿರಬಹುದು, ನನಗೆ ಗೊತ್ತಿಲ್ಲ. ಆದರೆ ನಾನು ಆಕೆ ಎಂದೇ ಬರೆಯುತ್ತೇನೆ. ತುಂಬಾ ಖುಷಿಯಾಯಿತು. ಇಂಥ ಖುಷಿ ಈ ಊರಿಗೆ ಬಂದ ಮೇಲೆ ಆಗಿರಲಿಲ್ಲ.

ಇವರಿಗೆ ಹೇಳಿದೆ. ಒಳ್ಳೇದಾಯಿತು, ಅದನ್ನೂ ರಿಪೋರ್ಟಿಗೆ ಸೇರಿಸು ಎಂದು ಸ್ನಾನಕ್ಕೆ ಹೋದರು.

ನವೆಂಬರ್ 13

ಡಾ. ಮಾರೇಡ್ ಈ ಸಲ ಹವಾಮಾನವನ್ನೇ ಮರೆತಿದ್ದಾಳೆ. ಆ ಪದಕ ಸಿಕ್ಕಿ ಮೂವತ್ತು ವರ್ಷವಾಯಿತಂತೆ, ಎಷ್ಟೋ ಜನ ಭೂತಗನ್ನಡಿ ಹಿಡಿದು ನೋಡಿದ್ದಾರಂತೆ, ಯಾರಿಗೂ ಇದು ಹೊಳೆಯಲಿಲ್ಲವಂತೆ. ಅವಳು ಪದಕವನ್ನು ಪೆಟ್ಟಿಗೆಯಿಂದ ತೆಗೆದು ನೋಡಿದಳಂತೆ, ಮಾತು ಸರಿಯಿದೆಯಂತೆ. ಶ್ರೀ ಆಶಿಕ್ ಅವರ ಕಣ್ಣು ಅಪರೂಪದ್ದು, ಅವರೊಂದಿಗೆ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡಬಹುದೇ ಎಂದು ಕೇಳಿದ್ದಾಳೆ.

ಅಪರೂಪದ ಕಣ್ಣಿನವರು ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಿದ್ದರು. ಅದು ಅವರ ತಲೆಯ ಮೇಲೆಯೇ ಇತ್ತು.

ನವೆಂಬರ್ 16

ಕಾಲ್ ಆಯಿತು. ಇಲ್ಲಿ ತಡೆದಿದ್ದ ಇಂಟರ್ನೆಟ್ ಕರೆಗಳನ್ನು ಸರ್ಕಾರ ಮೊನ್ನೆ ಮೊನ್ನೆ ಬಿಟ್ಟದ್ದು, ಬಿಡದಿದ್ದರೇ ಇವರಿಗೆ ಒಳ್ಳೆಯದಿತ್ತು.

ಇವರು ಮೇಜಿನ ಮುಂದೆ ಕೋಟು ಹಾಕಿ ಕೂತರು, ಕೆಳಗೆ ಲುಂಗಿ. ನಾನು ಲ್ಯಾಪ್‌ಟಾಪಿನ ಹಿಂದೆ ನೆಲದ ಮೇಲೆ. ಅವಳು ಕೇಳುವುದಕ್ಕೆ ನಾನು ದೊಡ್ಡ ಅಕ್ಷರದಲ್ಲಿ ಉತ್ತರ ಬರೆದು ಎತ್ತಿ ತೋರಿಸುವುದು, ಇವರು ಓದುವುದು. ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಅವಳ ದನಿ ಕೇಳಲು ಚೆಂದ. ಮುಖ ನನಗೆ ಕಾಣುತ್ತಿರಲಿಲ್ಲ.

ಆಮೇಲೆ ಅವಳು ಕೇಳಿದಳು, ಇದು ನಿಮಗೆ ಹೊಳೆದದ್ದು ಹೇಗೆ ಎಂದು. ನನ್ನ ಕೈ ಓಡಿತು. ಅರ್ಧ ಪುಟ ಬರೆದು ಎತ್ತಿದೆ. ಇವರು ಕಣ್ಣು ಕಿರಿದು ಮಾಡಿದರು, ದೊಡ್ಡದು ಮಾಡಿದರು. ತಿರುಗಿಸಿ ನೋಡಿದರೆ ನಾನು ಬರೆದದ್ದು ಕನ್ನಡದಲ್ಲಿ.

ಇವರು ಗಂಟಲು ಸರಿ ಮಾಡಿಕೊಂಡು, ಅನುಭವದಿಂದ ಎಂದರು. ಯಾವ ಅನುಭವ ಎಂದು ಅವಳು ಕೇಳುವಷ್ಟರಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಮುಚ್ಚಿಬಿಟ್ಟರು. ಮತ್ತೆ ನನ್ನ ಮೇಲೆ ಹಾರಾಡಿದರು. ನನಗೆ ನಗು ಬಂತು, ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಅವಳ ಪ್ರಶ್ನೆಗೆ ನಾನೇ ಬಾಯಿಬಿಟ್ಟು ಉತ್ತರ ಹೇಳಬೇಕಿತ್ತು.

ನವೆಂಬರ್ 17

ಏನೂ ಮಾಡಲಿಲ್ಲ. ನಲವತ್ಮೂರೂ ಮುಗಿದಿವೆ.

ನವೆಂಬರ್ 23

ಡಾ. ಮಾರೇಡ್ ಮತ್ತೆ ಬರೆದಿದ್ದಾಳೆ, ಗುಡ್ಡದ ವಸ್ತುಗಳ ಪ್ರದರ್ಶನಕ್ಕೆ ಒಂದು ಪುಸ್ತಕ ಅಚ್ಚಾಗುತ್ತದಂತೆ. ಮೂವತ್ತೊಂದನೇ ಪದಕದ ಪುಟದಲ್ಲಿ, ಇದನ್ನು ಗಮನಿಸಿದವರು ಇಂಥವರು ಎಂದು ಹೆಸರು ಹಾಕುತ್ತಾಳಂತೆ. ಜೊತೆಗೆ, ಅನುಭವ ಎಂದಿರಲ್ಲ, ಅದು ಯಾವುದೆಂದು ಎರಡು ವಾಕ್ಯ ಬರೆದು ಕೊಡಿ, ಅದನ್ನೂ ಅಚ್ಚು ಹಾಕುತ್ತೇನೆ ಎಂದಿದ್ದಾಳೆ.

ಇವರು ಕುಣಿಯುವುದೊಂದು ಬಾಕಿ. ಈ ಪುಟ ಬಂದರೆ ಮುಖ್ಯಸ್ಥನ ಕುರ್ಚಿ ಗಟ್ಟಿ ಎಂದರು. ಹೆಸರು ನನ್ನದು ಹಾಕಿಸಿ ಎಂದೆ. ಹಾಗೆ ಹೇಳುತ್ತೇನೆಂದು ಬೆಳಿಗ್ಗೆ ನನಗೇ ಗೊತ್ತಿರಲಿಲ್ಲ.

ಇವರು ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಇಕಾಮಾ ತಂದು ಮೇಜಿನ ಮೇಲಿಟ್ಟರು. ಅನುಮತಿಯಿಲ್ಲದೆ ಕೆಲಸ ಮಾಡಿದ್ದು ಗೊತ್ತಾದರೆ ಕಂಪನಿಗೆ ದಂಡ, ನಮಗೆ ಗಂಟುಮೂಟೆ ಎಂದರು. ಸುಳ್ಳಲ್ಲ, ಅದು ನನಗೂ ಗೊತ್ತು. ಐರ್ಲೆಂಡಿನ ಪುಸ್ತಕವನ್ನು ಇಲ್ಲಿ ಯಾರು ಓದುತ್ತಾರೆ, ಕಂಪನಿಯ ಹೆಸರಿಲ್ಲದೆ ಬರೀ ನನ್ನ ಹೆಸರು ಸಾಕು ಎಂದೆ. ಆಗ ಇವರು ಮೆತ್ತಗಾದರು. ಮೆತ್ತಗಾದಾಗಲೇ ಇವರು ಹೆಚ್ಚು ಕೆಟ್ಟದಾಗಿ ಮಾತಾಡುವುದು.

"ನಂದು ನಿಂದು ಅಂತ ಎಂತ ಉಂಟು ಮಾರಾಯ್ತಿ? ಇಬ್ಬರದ್ದೂ ಒಂದೇ ಅಲ್ವಾ?"

"ಒಂದೇ ಅಲ್ವಾ, ಹಾಗಾದ್ರೆ ನಂದೇ ಹಾಕಿ."

ಕೊನೆಗೆ, ನಾಳೆಯೊಳಗೆ ಉತ್ತರ ಕೊಡಬೇಕು, ಆ ಎರಡು ವಾಕ್ಯ ನೀನೇ ಬರೆ, ಕೆಳಗೆ ನನ್ನ ಹೆಸರು ಹಾಕು ಎಂದು ಹೇಳಿ ಮಲಗಿದರು.

ನನಗೆ ನನ್ನ ಹೆಸರು ಬೇಕು. ಕುರ್ಚಿ ಬೇಡ, ಸಂಬಳ ಬೇಡ. ಎಷ್ಟು ಯೋಚಿಸಿದರೂ ಇದರಲ್ಲಿ ದುರಾಸೆ ಕಾಣುವುದಿಲ್ಲ.

ನವೆಂಬರ್ 24

ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಇಟ್ಟುಕೊಳ್ಳುತ್ತೇನೆ. "ನನ್ನ ಉಮ್ಮ ಕೊಟ್ಟ ಚಿನ್ನದ ಪದಕವನ್ನು ಹದಿನಾರನೇ ವಯಸ್ಸಿನಿಂದ ಹಗಲೂ ರಾತ್ರಿಯೂ ಬಟ್ಟೆಯ ಒಳಗೆ ಹಾಕಿಕೊಂಡಿದ್ದೇನೆ. ಅದರ ಮುಖದ ಹೂವು ಸವೆದುಹೋಗಿದೆ, ಬೆನ್ನಿನ ಮುದ್ರೆ ಉಳಿದಿದೆ, ನನಗೆ ತಿಳಿದದ್ದು ಹಾಗೆ." ಅವಳು ಕೇಳಿದ್ದು ಎರಡು ವಾಕ್ಯ, ನಾನು ಕೊಟ್ಟದ್ದೂ ಎರಡು. ಕೆಳಗೆ ಇವರು ಹೇಳಿದಂತೆ ಆಶಿಕ್ ಎಂದು ಹಾಕಿದೆ.

ಇವರು ಕ್ರಿಕೆಟ್ ನೋಡುತ್ತಿದ್ದರು. ಒಮ್ಮೆ ಓದಿ ನೋಡುತ್ತೀರಾ ಎಂದು ಕೇಳಿದೆ. ಟಿ.ವಿ.ಯಿಂದ ಕಣ್ಣು ತೆಗೆಯದೆ, ಕಳಿಸು ಎಂದು ಕೈ ಆಡಿಸಿದರು. ಇನ್ನೊಮ್ಮೆ ಕೇಳಿದೆ. ತಲೆ ತಿನ್ನಬೇಡ ಎಂದರು. ಕಳುಹಿಸಿದೆ.

ಒಂದಕ್ಷರ ಸುಳ್ಳು ಬರೆದಿಲ್ಲ. ಒಂದೇ ಒಂದು ಸುಳ್ಳು ಇರುವುದು ಕೆಳಗಿನ ಹೆಸರಿನಲ್ಲಿ, ಅದನ್ನು ಹೇಳಿಸಿದವರು ಅವರು.

ಡಿಸೆಂಬರ್ 10

ಇವತ್ತು ಮೂರು ಗಂಟೆಗೇ ಮನೆಗೆ ಬಂದರು. ಶೂ ಬಿಚ್ಚಲಿಲ್ಲ. ಸೋಫಾದಲ್ಲಿ ಕೂತು, ಏನು ಬರೆದೆ ನೀನು ಎಂದರು. ನಡೆದದ್ದನ್ನು ಅವರ ಬಾಯಿಂದ ಅರ್ಧ ಕೇಳಿದೆ, ಉಳಿದರ್ಧ ಆಗಲೇ ರುಕಯ್ಯಾತ್ತ ವಾಟ್ಸಾಪಿನಲ್ಲಿ ಕಳುಹಿಸಿದ್ದರು.

ಪುಸ್ತಕದ ಕರಡು ಪುಟ ಮಾಲೀಕರ ಮಗನಿಗೆ ಬಂದಿದೆ. ಅವನಿಗೆ ಸಂಭ್ರಮ. ಬೆಳಿಗ್ಗೆ ಎಲ್ಲರನ್ನೂ ಸೇರಿಸಿ, ಖಹ್ವಾ ಕಾಫಿ, ಖರ್ಜೂರ ತರಿಸಿ, ಗೋಡೆಯ ದೊಡ್ಡ ಪರದೆಯಲ್ಲಿ ಪುಟ ಹಾಕಿ, ತಾನೇ ಎದ್ದುನಿಂತು ಗಟ್ಟಿಯಾಗಿ ಓದಿದ್ದಾನೆ. ಶ್ರೀ ಆಶಿಕ್ ಅವರು ತಮ್ಮ ತಾಯಿ ಕೊಟ್ಟ ಚಿನ್ನದ ಪದಕವನ್ನು ಹದಿನಾರನೇ ವಯಸ್ಸಿನಿಂದ ಹಗಲೂ ರಾತ್ರಿಯೂ ಬಟ್ಟೆಯ ಒಳಗೆ ಧರಿಸಿದ್ದು, ಎಂದು. ಓದುತ್ತಾ ಓದುತ್ತಾ ಅವನ ದನಿ ಸಣ್ಣದಾಯಿತಂತೆ. ಮಾಲೀಕರೂ ಬಂದಿದ್ದರು, ವಯಸ್ಸಾದವರು, ಇಂಗ್ಲಿಷ್ ಬಾರದು. ಏನಂತೆ ಎಂದು ಕೇಳಿದರು. ಯಾರೋ ಅರಬ್ಬಿಯಲ್ಲಿ ಹೇಳಿದರು. ಹಿರಿಯರು ಇವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಚಿನ್ನವಾ, ಎಂದು ಮಾತ್ರ ಕೇಳಿದರಂತೆ. ಗಂಡಸಿಗೆ ಚಿನ್ನ ಹರಾಮ್ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಲವತ್ತು ಜನರ ಕಣ್ಣು ಇವರ ಕಾಲರಿನ ಮೇಲೆ.

ಇವರು ಎದ್ದುನಿಂತು ಹೇಳಿದ್ದು ಇಷ್ಟು. "ಅದು ನಾನಲ್ಲ. ಪದಕ ನನ್ನ ಹೆಂಡತಿಯದ್ದು. ಇದೆಲ್ಲ ಮಾಡಿದ್ದೂ ಅವಳೇ."

ಇಕಾಮಾದ ಹೆದರಿಕೆ ಆಗ ಎಲ್ಲಿಗೆ ಹೋಗಿತ್ತೋ. ಕುತ್ತಿಗೆಯಲ್ಲಿ ಸರವಿದೆ ಎಂಬ ಅನುಮಾನ ಬಂದ ಕೂಡಲೇ ದಂಡ, ಗಂಟುಮೂಟೆ ಎಲ್ಲ ಮರೆತುಹೋದವು. ಅಲ್ಲಿ ಯಾರೂ ದಂಡದ ಮಾತೆತ್ತಲಿಲ್ಲವಂತೆ. ಝಕರಿಯಾ ಕೆಮ್ಮುತ್ತಾ ಖರ್ಜೂರದ ತಟ್ಟೆ ಮುಂದೆ ಸರಿಸಿದರಂತೆ. ಮಾಲೀಕರು ಅಲ್‌ಹಮ್ದುಲಿಲ್ಲಾ ಎಂದು ಎದ್ದುಹೋದರಂತೆ.

ನನಗೆ ಪಾಪ ಎನಿಸಿತು. ನಿಜವಾಗಿಯೂ. ನೀರು ತಂದು ಕೊಟ್ಟೆ. ಕುಡಿದು, ತಕ್ಷಣ ಆ ಡಾಕ್ಟರಿಗೆ ಮೇಲ್ ಮಾಡು, ಅಚ್ಚಾಗುವ ಮೊದಲು ತಿದ್ದಬೇಕು, ನಿನ್ನ ಇಂಗ್ಲಿಷ್ ಅವಳಿಗೆ ಅಭ್ಯಾಸವಾಗಿದೆ ಎಂದರು.

"ಇದನ್ನು ನೀವೇ ಬರೀರಿ" ಎಂದೆ.

ಲ್ಯಾಪ್‌ಟಾಪನ್ನು ಇವರ ಮುಂದಿಟ್ಟು, ನಾನು ಎದುರಿಗೆ ಕೂತು ಬೀನ್ಸ್ ಸೋಸಿದೆ. ಎರಡೇ ಬೆರಳಲ್ಲಿ ಟೈಪ್ ಮಾಡಿದರು. ಅರ್ಧ ಗಂಟೆಯ ಮೇಲೆ ತಿರುಗಿಸಿ ತೋರಿಸಿದರು. ಪದಕವನ್ನು ಗಮನಿಸಿದ್ದು ನಾನಲ್ಲ, ನಮ್ಮ ಕುಟುಂಬದ ಸದಸ್ಯರೊಬ್ಬರು ಎಂದಿತ್ತು. ಹೀಗಾಗುವುದಿಲ್ಲ ಎಂದೆ. ಅಳಿಸಿ, ನನ್ನ ಹೆಂಡತಿ ಎಂದು ಬರೆದರು. ಇದೂ ಆಗುವುದಿಲ್ಲ ಎಂದೆ. ಇವರು ನನ್ನ ಮುಖ ನೋಡಿದರು. ನಾನು ಬೀನ್ಸಿನ ನಾರು ತೆಗೆಯುತ್ತಿದ್ದೆ.

ಮೂರನೆಯ ಸಲ ತಿರುಗಿಸಿದಾಗ ಅಸೀಲಾ ಎಂದಿತ್ತು. ಕಳಿಸಿ ಎಂದೆ.